ಒಂಟಿ ಮಗು ಕಣ್ಣಿಗೆ ಬಿದ್ದರೆ ಮೊದಲು ಏನು ಮಾಡಬೇಕು?

ಮಂಗಳೂರಿನಿಂದ ಬಂದ ರೈಲು ಕಾಸರಗೋಡಿನಲ್ಲಿ ಖಾಲಿಯಾಗುತ್ತದೆ. ಕಿಟಕಿಯ ಬದಿಯಲ್ಲಿ ಏಳೆಂಟು ವರ್ಷದ ಮಗುವೊಂದು ಮಾತ್ರ ಉಳಿದಿದೆ. ‘ಪಾಪ, ಅನಾಥ’ ಎಂದು ಹತ್ತು ರೂಪಾಯಿ ಕೈಗಿಟ್ಟು ಇಳಿದುಬಿಡುವವರೇ ಹೆಚ್ಚು. ಅದಕ್ಕೆ ಹೆತ್ತವರಿರಬಹುದು, ಯಾವುದೋ ಠಾಣೆಯಲ್ಲಿ ದೂರೂ ದಾಖಲಾಗಿರಬಹುದು.

ಮೊದಲು 1098ಕ್ಕೆ ಕರೆ ಮಾಡಿ. ಈ ಮಕ್ಕಳ ಸಹಾಯವಾಣಿ ಹಗಲೂ ರಾತ್ರಿ ಉಚಿತ. ರೈಲಿನಲ್ಲಾದರೆ 139, ನಿಲ್ದಾಣದಲ್ಲಾದರೆ ರೈಲ್ವೆ ಪೊಲೀಸರು. ಮರುಕ ಉಕ್ಕಿ ಮನೆಗೆ ಕರೆದೊಯ್ಯುವುದು ಬೇಡ. ಇಂಥ ಮಗು ಸಿಕ್ಕರೆ 24 ಗಂಟೆಯೊಳಗೆ ತಿಳಿಸಲೇಬೇಕೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ.

ಸಹಾಯವಾಣಿಯವರೋ ಪೊಲೀಸರೋ ಬರುವ ತನಕ ಪಕ್ಕದಲ್ಲಿ ಕುಳಿತು ನೀರು ಕೊಡಿ. ಸುತ್ತ ನೆರೆದವರೆಲ್ಲ ಪ್ರಶ್ನೆ ಕೇಳಿದರೆ ಮಗು ಬಾಯಿ ಬಿಡುವುದಿಲ್ಲ, ಒಬ್ಬರೇ ಮಾತನಾಡಿಸಿ. ಗಡಿನಾಡ ಕನ್ನಡಿಗರು ನಿಜವಾಗಿ ನೆರವಾಗುವುದು ಇಲ್ಲೇ. ಕನ್ನಡ ಬಿಟ್ಟು ಬೇರೆ ಗೊತ್ತಿಲ್ಲದ ಮಗು ಮಲಯಾಳಂ ಪ್ರಶ್ನೆಗೆ ಪಿಳಿಪಿಳಿ ನೋಡುತ್ತದೆ, ಅದನ್ನೇ ಬುದ್ಧಿಮಾಂದ್ಯ ಎಂದುಕೊಳ್ಳುವವರೂ ಇರುತ್ತಾರೆ. ಕನ್ನಡ, ತುಳು, ಕೊಂಕಣಿ, ಮರಾಠಿ, ನಿಮಗೆ ಬರುವುದನ್ನೆಲ್ಲ ಪ್ರಯತ್ನಿಸಿ. ಮಗು ಹೇಳಿದ್ದನ್ನು ಹೇಳಿದಂತೆಯೇ ಬರೆದಿಡಿ. ‘ಹಳ್ಳ ದಾಟಿದ್ರ ನಮ್ ಸಾಲಿ’ ಎಂದರೆ ‘ಶಾಲೆ’ ಎಂದು ತಿದ್ದಬೇಡಿ. ಹುಡುಕುವವರಿಗೆ ಉತ್ತರ ಕರ್ನಾಟಕದ ಕಡೆ ನೋಡಲು ಅಷ್ಟೇ ಸಾಕು. ಅಂಗಿಯ ಕಾಲರಿನ ಒಳಗೆ ದರ್ಜಿ ಹೊಲಿದ ಚೀಟಿಯಲ್ಲಿ ಕೆಲವೊಮ್ಮೆ ಊರಿನ ಹೆಸರೇ ಇರುತ್ತದೆ. ಶಾಲೆಯ ಬೆಲ್ಟನ್ನೂ ನೋಡಿ.

ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವ ಚಪಲ ಬೇಡ. ಮಗುವಿನ ಗುರುತು ಬಯಲು ಮಾಡುವುದು ಇದೇ ಕಾಯ್ದೆಯಡಿ ಅಪರಾಧ. ಮೇಲಾಗಿ, ಮನೆಯ ಹೊಡೆತ ತಾಳಲಾರದೆ ಓಡಿಬಂದ ಮಗುವಾದರೆ ಹೊಡೆದವರಿಗೇ ವಿಳಾಸ ಕೊಟ್ಟಂತಾಗುತ್ತದೆ.

ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗುವನ್ನು ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಊರು ಗಡಿಯಾಚೆಯದೆಂದು ಗೊತ್ತಾದರೆ ಸಮಿತಿ ಮಗುವನ್ನು ಅಲ್ಲಿನ ಸಮಿತಿಗೆ ಒಪ್ಪಿಸುತ್ತದೆ. ಬರೆದಿಟ್ಟ ಚೀಟಿಯನ್ನು ಕಡತಕ್ಕೆ ಸೇರಿಸಲು ಹೇಳಿ.

‘ಯಾರೂ ಇಲ್ಲವಾದರೆ ನಾವೇ ಸಾಕುತ್ತೇವೆ’ ಎನ್ನುವವರೂ ಕಾಯಬೇಕು. ಹೆತ್ತವರ ಹುಡುಕಾಟ ಮುಗಿದು, ಮಗುವನ್ನು ದತ್ತು ಕೊಡಲು ಕಾನೂನಿನ ಅಡ್ಡಿಯಿಲ್ಲವೆಂದು ಸಮಿತಿ ಘೋಷಿಸಬೇಕು. ಆಗಲೂ ಅದು ಸಿಗುವುದು ಕೇಂದ್ರ ದತ್ತು ಪ್ರಾಧಿಕಾರದ ಸರದಿಯಂತೆ. ಕೈಯಿಂದ ಕೈಗೆ ಮಗು ಕೊಡುವುದಕ್ಕೆ ಮೂರು ವರ್ಷದವರೆಗೂ ಶಿಕ್ಷೆಯಿದೆ.

ಕಳೆದುಹೋದದ್ದು ನಿಮ್ಮದೇ ಮನೆಯ ಮಗುವಾದರೆ ‘ಒಂದು ದಿನ ನೋಡೋಣ’ ಎನ್ನಬೇಡಿ, ಎನ್ನುವವರ ಮಾತನ್ನೂ ಕೇಳಬೇಡಿ. ಕಾಣೆಯಾದ ಮಗುವಿನ ದೂರಿಗೆ ಎಫ್‌ಐಆರ್ ದಾಖಲಿಸಬೇಕೆಂದು 2013ರಲ್ಲೇ ಸುಪ್ರೀಂ ಕೋರ್ಟ್ ಆದೇಶಿಸಿದೆ. ಠಾಣೆಗೆ ಹೋಗುವಾಗ ಇತ್ತೀಚಿನ ಫೋಟೊ, ಜನನ ಪ್ರಮಾಣಪತ್ರ, ಪಡಿತರ ಚೀಟಿ ಜೊತೆಗಿರಲಿ. ಮಗು ಸಿಕ್ಕ ಮೇಲೆ ಸಮಿತಿಯೂ ಇವನ್ನೇ ಕೇಳುತ್ತದೆ.