ಮುರಿದದ್ದು ಗಾಳಿಗೆ, ಸೋತದ್ದು ಬಿಸಿಲಿಗೆ

ಗಾಳಿಗೆ ಅಡಿಕೆ ಮರ ಬಿದ್ದಾಗ ನಾನು ಮೊದಲು ನೋಡುವುದು ಮುರಿದ ಜಾಗವನ್ನು. ಬುಡಸಮೇತ ಕಿತ್ತು ಬಂದಿದೆಯೇ, ನಡುವಿನಲ್ಲಿ ತುಂಡಾಗಿದೆಯೇ? ತುಂಡಾಗಿದ್ದರೆ ಆ ಜಾಗದಲ್ಲಿ ಮೊದಲೇ ಗಾಯವಿತ್ತೇ? ಪುತ್ತೂರು ಕಡೆಯ ನಮ್ಮ ತೋಟದಲ್ಲಿ ನಡುವೆ ತುಂಡಾದ ಹೆಚ್ಚಿನ ಮರಗಳ ನೈರುತ್ಯ ಬದಿಯಲ್ಲಿ ಉದ್ದನೆಯ ಕಂದು ಪಟ್ಟೆ, ಅದರಲ್ಲೊಂದು ಸೀಳು, ಸೀಳಿನೊಳಗೆ ಕೊಳೆತು ಲಡ್ಡಾದ ತಿರುಳು. ಗಾಳಿಯ ಮೇಲೆ ಗೂಬೆ ಕೂರಿಸುವುದು ಸುಲಭ. ಆದರೆ ಮರವನ್ನು ಸೋಲಿಸಿದ್ದು ಹಿಂದಿನ ವರ್ಷಗಳ ಬಿಸಿಲು.

ಮಳೆಗಾಲ ಮುಗಿದ ಮೇಲೆ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಮಧ್ಯಾಹ್ನದ ನಂತರದ ಬಿಸಿಲು ಓರೆಯಾಗಿ ಕಾಂಡಕ್ಕೇ ಬಡಿಯುತ್ತದೆ. ಹಸಿರು ಕಾಂಡ ಮೊದಲು ಹೊಂಬಣ್ಣಕ್ಕೆ, ಆಮೇಲೆ ಕಂದುಬಣ್ಣಕ್ಕೆ ತಿರುಗಿ ಬಿರುಕು ಬಿಡುತ್ತದೆ. ಮಾವು, ಹಲಸಿನ ಗಾಯವನ್ನು ಹೊಸ ತೊಗಟೆ ಸುತ್ತುವರಿದು ಮುಚ್ಚುತ್ತದೆ. ಅಡಿಕೆಗೆ ಆ ಶಕ್ತಿ ಇಲ್ಲ. ಸುಟ್ಟ ಕಾಂಡ ಕೊನೆಯವರೆಗೂ ಸುಟ್ಟದ್ದೇ. ಅದಕ್ಕಿರುವುದು ಒಂದೇ ಸುಳಿ. ಮುರಿದ ಮರ ಚಿಗುರುವ ಮಾತೇ ಇಲ್ಲ.

ಗಾಳಿಯ ನಿಜವಾದ ಹಾನಿ ಇಲ್ಲಿಂದ ಶುರುವಾಗುತ್ತದೆ. ಸಾಲಿನಲ್ಲಿ ನಾಲ್ಕು ಮರ ಬಿದ್ದರೆ ತೋಟದ ಚಪ್ಪರಕ್ಕೆ ಕಿಂಡಿ ಬೀಳುತ್ತದೆ. ಅದರ ಆಚೆ ನಿಂತ ಮರಗಳು ಅಷ್ಟು ವರ್ಷ ನೆರಳಿನಲ್ಲಿ ಬೆಳೆದವು. ಅವುಗಳ ಮೈಗೆ ಇದ್ದಕ್ಕಿದ್ದಂತೆ ಬಿಸಿಲು ಬಿದ್ದರೆ ಮುಂದೆ ಮುರಿಯುವ ಸರದಿ ಅವುಗಳದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಗುಂಟ ಉತ್ತರಕ್ಕೆ ಹೋದದ್ದು ಎಲ್ಲರಿಗೂ ನೆನಪಿದೆ. ಆದರೆ ನಮಗೆ ಪ್ರತಿ ವರ್ಷ ಪೆಟ್ಟು ಕೊಡುವುದು ಮೇ ಕೊನೆಯ ವಾರದ ಪತ್ತನಾಜೆಯ (ತುಳುವರ ಬೇಶ ತಿಂಗಳ ಹತ್ತನೇ ದಿನ) ಆಸುಪಾಸಿನಲ್ಲಿ ಗುಡುಗಿನೊಂದಿಗೆ ಬಂದು ಅರ್ಧ ಗಂಟೆಯಲ್ಲಿ ಹೊರಟುಹೋಗುವ, ಹೆಸರೇ ಇಲ್ಲದ ಸಂಜೆಯ ಗಾಳಿ.

ಹಾಗಾಗಿ ಬಿದ್ದ ಮರಗಳ ಲೆಕ್ಕಕ್ಕಿಂತ ಕಿಂಡಿಯ ಲೆಕ್ಕ ನನಗೆ ಮುಖ್ಯ. ಎಲ್ಲಿ ಹೊಸದಾಗಿ ಆಕಾಶ ಕಾಣುತ್ತದೆಯೋ ಅಲ್ಲಿಂದ ಬಿಸಿಲು ಬೀಳುವ ಮರಗಳಿಗೆ ಬಣ್ಣದ ಗುರುತು ಹಾಕಿಡುತ್ತೇನೆ. ಮೊದಲ ಕೊಯ್ಲಿಗೆ ಮರ ಹತ್ತುವವರು ಬಂದಾಗ ಅವರ ಕೈಯಲ್ಲೇ ಗುರುತಿನ ಮರಗಳ ನೈರುತ್ಯ ಬದಿಗೆ ಅಡಿಕೆಯದೇ ಒಣ ಸೋಗೆ, ಹಾಳೆ ಕಟ್ಟಿಸುತ್ತೇನೆ. ಅದಕ್ಕೆಂದೇ ಬೇರೆ ದಿನ ಕರೆದರೆ ಬರುವಷ್ಟು ಜನ ಈಗ ಯಾರಿಗೆ ಸಿಗುತ್ತಾರೆ? ಮಳೆಗಾಲಕ್ಕೆ ಮುಂಚೆ ಉಳಿದದ್ದನ್ನು ಬಿಚ್ಚಿಸುತ್ತೇನೆ. ಒದ್ದೆ ಹಾಳೆ ಕಾಂಡಕ್ಕೆ ಅಂಟಿಕೊಂಡಿರುವುದು ಬೇಡ. ಕಿಂಡಿಯಲ್ಲಿ ಸಸಿ ನೆಟ್ಟು ಅದರ ನೈರುತ್ಯಕ್ಕೆ ಒಂದೊಂದು ಬಾಳೆ ಹಾಕುತ್ತೇನೆ. ಗಾಳಿಗೆ ಮೊದಲು ಮಲಗುವುದೇ ಬಾಳೆ, ನಿಜ. ಆದರೆ ಬುಡದಿಂದ ಮತ್ತೆ ಕಂದು ಏಳುತ್ತದೆ, ಎಳೆಯ ಸಸಿಗೆ ನೆರಳಿಗೆ ಕೊರತೆಯಾಗುವುದಿಲ್ಲ.

ಹೊಸ ತೋಟ ಮಾಡುವವರು ಇದನ್ನು ನೆಡುವಾಗಲೇ ನೋಡಿಕೊಳ್ಳಬಹುದು. 2.7 ಮೀಟರ್ ಅಂತರ ಎಲ್ಲರಿಗೂ ಗೊತ್ತು. ಆದರೆ ಉತ್ತರ-ದಕ್ಷಿಣ ಸಾಲನ್ನು 35 ಡಿಗ್ರಿ ಪಶ್ಚಿಮಕ್ಕೆ ತಿರುಗಿಸಬೇಕೆಂಬ ಶಿಫಾರಸನ್ನು ಪಾಲಿಸಿದವರು ಕಡಿಮೆ. ಹಾಗೆ ನೆಟ್ಟರೆ ಒಂದು ಮರದ ನೆರಳು ಇನ್ನೊಂದರ ಕಾಂಡವನ್ನು ಕಾಯುತ್ತದೆ.

ಬುಡಸಮೇತ ಬೀಳುವ ಮರಗಳ ಕಥೆ ಬೇರೆ. ಒಂದೋ ಅಣಬೆ ರೋಗಕ್ಕೆ ಬೇರು ಸತ್ತಿರುತ್ತದೆ, ಇಲ್ಲವೇ ನೀರು ಬಸಿಯುವ ಕಣಿ ಮುಚ್ಚಿ ನೀರು ನಿಂತು ಮಣ್ಣು ಅಂಬಲಿಯಂತಾಗಿರುತ್ತದೆ. ಏಪ್ರಿಲ್ ಮುಗಿಯುವುದರೊಳಗೆ ಕಣಿಯ ಹೂಳು ತೆಗೆಸುವುದು ನನ್ನ ಮಟ್ಟಿಗೆ ಗಾಳಿಯ ವಿರುದ್ಧದ ಕೆಲಸವೇ.

ಬಿದ್ದದ್ದನ್ನೆಲ್ಲ ಗರಗಸಕ್ಕೆ ಕೊಡಬೇಕಾಗಿಲ್ಲ. ಎಳೆಯ ಜಾಯಿಕಾಯಿ ಮರ ಮೇಲ್ಬೇರಿನದು, ಬೇಗ ಒರಗುತ್ತದೆ. ಒಂದು ಬದಿಯ ಬೇರು ಮಣ್ಣಿನಲ್ಲೇ ಉಳಿದಿದ್ದರೆ ಎಬ್ಬಿಸಬಹುದು. ಬಿದ್ದ ತಕ್ಷಣ ತೆರೆದ ಬೇರಿಗೆ ಒದ್ದೆ ಗೋಣಿ ಹೊದೆಸುತ್ತೇನೆ. ಎದ್ದ ಬೇರಿನ ಕೆಳಗಿನ ಮಣ್ಣು ತೋಡಿ, ಸೀಳಿದ ಬೇರನ್ನು ಚೊಕ್ಕವಾಗಿ ಕತ್ತರಿಸಿ, ಕೊಂಬೆಗಳ ಭಾರ ಇಳಿಸಿ, ಕಾಂಡಕ್ಕೆ ಗೋಣಿ ಸುತ್ತಿ, ಅದರ ಮೇಲೆ ಹಗ್ಗ ಕಟ್ಟಿ ನಿಧಾನವಾಗಿ ಎಳೆಯಬೇಕು. ಅವಸರದಲ್ಲಿ ಜೀಪಿಗೆ ಕಟ್ಟಿ ಎಳೆದರೆ ಉಳಿದ ಬೇರೂ ಹರಿದುಹೋಗುತ್ತದೆ. ಮೂರು ಕಡೆ ಊರೆ ಕೊಟ್ಟು, ಹೊಸ ಬೇರು ಹಿಡಿದ ಮೇಲೆ ಅದನ್ನು ತೆಗೆಯಬೇಕು. ದೊಡ್ಡ ಮರವನ್ನು ಎಬ್ಬಿಸುವ ಗೋಜಿಗೆ ನಾನು ಹೋಗುವುದಿಲ್ಲ. ಬೇರು ಹರಿದ ಭಾರದ ಮರ ಮುಂದಿನ ಗಾಳಿಗೆ ಯಾರ ತಲೆಯ ಮೇಲೆ ಬೀಳುವುದೋ.

ಮುರಿದ ದಪ್ಪ ಕೊಂಬೆಯನ್ನು ಕತ್ತರಿಸುವಾಗ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ತುಸು ಆಚೆ ಮೇಲಿನಿಂದ ಕೊಯ್ದರೆ ತೊಗಟೆ ಸುಲಿದು ಬರುವುದಿಲ್ಲ. ಉಳಿದ ಮೋಟನ್ನು ಬುಡದ ಉಬ್ಬಿನ ಹೊರಗೆ ತೆಗೆಯಬೇಕು. ಗಾಳಿಗೆ ಹೆದರಿ ಹಲಸು, ಮಾವಿನ ತಲೆಯನ್ನೇ ಬೋಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೋಳಿಸಿದಲ್ಲಿ ಗೊಂಚಲಾಗಿ ಬರುವ ಚಿಗುರಿಗೆ ಗಟ್ಟಿ ಹಿಡಿತವಿರುವುದಿಲ್ಲ. ಅದು ದಪ್ಪವಾದ ಮೇಲೆ ಮೊದಲು ಸಿಗಿದು ಬೀಳುವುದೇ ಅದು.

ತೆಂಗಿನದು ಇನ್ನೊಂದು ಎಚ್ಚರ. ಅರ್ಧ ಮುರಿದು ಜೋತ ಹಸಿ ಮಡಲನ್ನು ಅಂದಕ್ಕಾಗಿ ಕಡಿಯಬಾರದು. ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರುತ್ತದೆ. ಬಿದ್ದ ತೆಂಗಿನ ಕಾಂಡ ತೋಟದಲ್ಲಿ ಕೊಳೆತರೆ ಅದೇ ಇನ್ನೊಂದು ಪೀಡೆಯಾದ ಕುರುವಾಯಿ ದುಂಬಿಯ ತೊಟ್ಟಿಲು. ನಾನು ಸೀಳಿಸಿ ಸೌದೆ ಮಾಡುತ್ತೇನೆ. ಅಡಿಕೆಯದಾದರೆ ದಬ್ಬೆ. ಕಡಿಯುವ ಮುಂಚೆ ಫೋಟೋ ತೆಗೆದಿಡಿ. ಶೇ 33ಕ್ಕಿಂತ ಕಡಿಮೆ ನಷ್ಟಕ್ಕೆ ಸರಕಾರದ ಪರಿಹಾರವಿಲ್ಲ, ಮೇಲಿದ್ದರೂ ಸಾಕ್ಷಿ ಬೇಕು.

ತೋಟದ ಪಶ್ಚಿಮದ ಗಡಿಯಲ್ಲಿ ಅಕೇಶಿಯಾ ಇತ್ತು. ಬೇಗ ಬೆಳೆಯುತ್ತದೆ, ಅಷ್ಟೇ ಬೇಗ ಮುರಿಯುತ್ತದೆ. ಅದನ್ನು ತೆಗೆಸಿ ಸುರಹೊನ್ನೆ, ಹಲಸು, ಮಾವುಗಳನ್ನು ಎರಡು ಸಾಲಿನಲ್ಲಿ, ನಡುವೆ ಗಾಳಿ ತೂರುವಷ್ಟು ಜಾಗ ಬಿಟ್ಟು ಬೆಳೆಸುತ್ತಿದ್ದೇನೆ. ಪೂರ್ತಿ ಗೋಡೆಯಂತೆ ತಡೆದರೆ ಗಾಳಿ ಮೇಲಿಂದ ಹಾರಿ ಆಚೆ ಸುಳಿಯಾಗಿ ಇಳಿಯುತ್ತದೆ. ಸೋಸಿ ಬಿಟ್ಟರೆ ಮರದ ಎತ್ತರದ ಹತ್ತು ಪಟ್ಟು ದೂರದವರೆಗೂ ಅದರ ಬಿರುಸು ಇಳಿದಿರುತ್ತದೆ. ಹಲಸನ್ನು ಬೀಜ ಹಾಕಿ ಇದ್ದಲ್ಲೇ ಎಬ್ಬಿಸಿದ್ದೇನೆ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಳತಾದ ಸಸಿಯ ತಾಯಿಬೇರು ಸುತ್ತಿಕೊಂಡಿರುತ್ತದೆ, ಅದರ ಮೇಲೆ ದೊಡ್ಡ ಮರ ನಿಲ್ಲುವುದಿಲ್ಲ. ಗಡಿಗೆ ಹತ್ತಿರದ ಅಡಿಕೆ ಸಾಲುಗಳಿಗೆ ಈಗ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರದ ಕುಬ್ಜ ಹೈಬ್ರಿಡ್ ನೆಡುತ್ತಿದ್ದೇನೆ. ಕೈಯಿಂದ ಪರಾಗಸ್ಪರ್ಶ ಮಾಡಿಸಿ ಪಡೆಯುವ ಬೀಜವಾದ್ದರಿಂದ ಸಸಿ ದುಬಾರಿ, ಬೇಕಾದಷ್ಟು ಒಟ್ಟಿಗೆ ಸಿಗುವುದೂ ಇಲ್ಲ. ಸಿಕ್ಕಷ್ಟನ್ನು ಮೊದಲು ನೈರುತ್ಯದ ಕಿಂಡಿಗಳಿಗೇ ಹಾಕುತ್ತಿದ್ದೇನೆ.