ಸೊಳ್ಳೆ ಪರದೆ ಮಷಿನ್‌ಗೆ ಹಾಕೋ ಮುಂಚೆ

ಸೊಳ್ಳೆ ಪರದೆಯನ್ನು ವಾಷಿಂಗ್ ಮಷಿನ್‌ಗೆ ಹಾಗೇ ಹಾಕಬೇಡಿ. ಮಡಚಿ ಹಳೆಯ ದಿಂಬಿನ ಕವರ್ ಒಳಗೆ ಸೇರಿಸಿ, ಬಾಯಿ ಬಿಗಿಯಾಗಿ ಕಟ್ಟಿ, ತಣ್ಣೀರಲ್ಲಿ ಡೆಲಿಕೇಟ್ ಸೈಕಲ್‌ಗೆ ಬಿಡಿ. ಸ್ಪಿನ್ ಎಷ್ಟು ಕಮ್ಮಿ ಆಗುತ್ತೋ ಅಷ್ಟಕ್ಕೆ ಇಳಿಸಿ. ಬಲೆಯ ಸಣ್ಣ ಕಣ್ಣಿಗೆ ಒಂದು ಝಿಪ್ಪೋ ಹುಕ್ಕೋ ಸಿಕ್ಕಿಕೊಂಡರೆ ಸಾಕು, ಎಳೆ ಸರಿದು ಸೊಳ್ಳೆ ನುಗ್ಗುವಷ್ಟು ದಾರಿ ಆಗಿಬಿಡುತ್ತದೆ. ಕವರ್ ಇದ್ದರೆ ಎಳೆತವೆಲ್ಲ ಅದರ ಮೇಲೆ ಬೀಳುತ್ತದೆ, ಬಲೆಗೆ ಸೋಪಿನ ನೀರು ಮಾತ್ರ ತಾಗುತ್ತದೆ. ಕವರ್‌ನಲ್ಲಿ ಅರ್ಧದಷ್ಟು ಜಾಗ ಖಾಲಿ ಇರಲಿ. ತುರುಕಿದರೆ ಒಳಮಡಿಕೆಯ ಧೂಳು ಅಲ್ಲೇ ಉಳಿಯುತ್ತದೆ. ತಲೆ ಇಡುವ ಕಡೆ ಅಂಚಿನಲ್ಲಿ ಎಣ್ಣೆ ಜಿಡ್ಡು ಹಿಡಿದು ಕಂದು ಬಣ್ಣಕ್ಕೆ ತಿರುಗಿರುತ್ತದೆ ಅಲ್ವಾ, ಅಲ್ಲಿಗೆ ಮೊದಲೇ ಸ್ವಲ್ಪ ಲಿಕ್ವಿಡ್ ಸೋಪು ಸವರಿಡಿ. ಬಿಸಿನೀರು ಮಾತ್ರ ಬೇಡ: ಹತ್ತಿಯದು ಕುಗ್ಗುತ್ತದೆ, ಪಾಲಿಯೆಸ್ಟರ್‌ನದು ಸುಕ್ಕುಗಟ್ಟುತ್ತದೆ. ಈಗಾಗಲೇ ತೂತು ಬಿದ್ದಿದ್ದರೆ ಹೊಲಿದ ಮೇಲೇ ಹಾಕಿ, ಇಲ್ಲದಿದ್ದರೆ ಇನ್ನೂ ಹರಿಯುತ್ತದೆ. ಸ್ಟೀಲ್ ತಂತಿ ಇರುವ ಮಡಚುವ ಪರದೆಗೆ ಈ ಉಪಾಯ ನಡೆಯಲ್ಲ. ಔಷಧಿ ಸೇರಿಸಿದ ಪರದೆಗಂತೂ ಬೇಡವೇ ಬೇಡ. ಮಲೇರಿಯಾ ಇರುವ ಕಡೆ ಸರ್ಕಾರ ಹಂಚುವುದು ಇಂಥದ್ದೇ. ಅದರ ಔಷಧಿ ಸುಮಾರು 20 ಒಗೆತ ತಡೆಯುವಂತೆ ಮಾಡಿರುತ್ತಾರೆ, ಅದೂ ಮೆತ್ತಗೆ ಕೈಯಲ್ಲಿ ಒಗೆದರೆ. ಸಾದಾ ಸೋಪು ಹಾಕಿ ಬಕೆಟ್‌ನಲ್ಲಿ ಅದ್ದಿ ತೆಗೆದು, ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಔಷಧಿಯ ಶಕ್ತಿ ಕುಂದುತ್ತದೆ. ಒಗೆದ ನೀರನ್ನು ಕೆರೆಗೆ, ಹಳ್ಳಕ್ಕೆ ಚೆಲ್ಲಬೇಡಿ. ಮೀನಿಗೆ ಅದು ವಿಷ.