ವೈಫೈ ನಿಂತಿತಾ? ಪಿನ್ನು ಹುಡುಕುವ ಮೊದಲು ದೀಪ ನೋಡಿ

ಏಪ್ರಿಲ್, ಮೇ ತಿಂಗಳ ಸಂಜೆ ಮೈಸೂರಿನಲ್ಲಿ ಗಾಳಿ ಎದ್ದು ನಾಲ್ಕು ಹನಿ ಬಿದ್ದರೆ ಸಾಕು, ಕರೆಂಟ್ ಹೋಗುತ್ತದೆ. ಕರೆಂಟ್ ವಾಪಸ್ ಬಂದರೂ ಕೆಲವೊಮ್ಮೆ ವೈಫೈ ಬರುವುದಿಲ್ಲ. ಆಗ ಮನೆಯಲ್ಲಿ ಯಾರಾದರೊಬ್ಬರು ಸೇಫ್ಟಿ ಪಿನ್ನು ಹಿಡಿದು ರೂಟರ್ ಹಿಂದಿನ ಸಣ್ಣ ರೀಸೆಟ್ ತೂತಿಗೆ ಚುಚ್ಚಲು ಹೊರಡುತ್ತಾರೆ. ಅವರನ್ನು ಮೊದಲು ತಡೆಯಿರಿ. ಸುಮ್ನೆ ಆಫ್ ಮಾಡಿ ಆನ್ ಮಾಡಿದರೆ ಏನೂ ಅಳಿಸಿಹೋಗುವುದಿಲ್ಲ. ಆ ತೂತು ಒತ್ತಿದರೆ ಮಾತ್ರ ವೈಫೈ ಹೆಸರು, ಪಾಸ್‌ವರ್ಡ್, ನೆಟ್ ಕಂಪನಿಯವರು ಹಾಕಿಕೊಟ್ಟ ಸೆಟ್ಟಿಂಗ್ ಎಲ್ಲವೂ ಹೋಗುತ್ತವೆ.

ಮೊದಲ ಕೆಲಸ, ದೀಪ ನೋಡುವುದು. ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ ಪವರ್, ಪಿಒಎನ್, ಎಲ್‌ಒಎಸ್ ಎಂಬ ದೀಪಗಳಿರುತ್ತವೆ. ಪಿಒಎನ್ ಹಸಿರಾಗಿ ಮಿಣುಕದೆ ಉರಿಯುತ್ತಿದ್ದರೆ ಲೈನ್ ಸರಿಯಿದೆ. ಎಲ್‌ಒಎಸ್ ಕೆಂಪಗೆ ಮಿಣುಕುತ್ತಿದ್ದರೆ ಸಿಗ್ನಲ್ ಮನೆಗೇ ಬರುತ್ತಿಲ್ಲ. ಬೀದಿಯಲ್ಲಿ ಕೊಂಬೆ ಬಿದ್ದು ವೈರ್ ತುಂಡಾಗಿರಬಹುದು, ಎಲ್ಲೋ ರಸ್ತೆ ಅಗೆದಿರಬಹುದು. ಇದಕ್ಕೆ ನೀವು ನೂರು ಸಲ ರೀಸೆಟ್ ಮಾಡಿದರೂ ಪ್ರಯೋಜನವಿಲ್ಲ. ಪೆಟ್ಟಿಗೆಗೆ ಬಂದಿರುವ ತೆಳ್ಳನೆಯ ವೈರ್ ಸೋಫಾ ಕಾಲಿಗೆ ಸಿಕ್ಕಿದೆಯಾ, ಗೋಡೆ ಮೂಲೆಯಲ್ಲಿ ಮಡಚಿದೆಯಾ ನೋಡಿ. ಅದರೊಳಗಿರುವುದು ಗಾಜಿನ ಎಳೆ. ಜಾಸ್ತಿ ಬಗ್ಗಿದರೆ ಬೆಳಕು ಸೋರಿಹೋಗುತ್ತದೆ. ವೈರ್ ಬಿಚ್ಚಿ ತುದಿಯನ್ನು ಕಣ್ಣಿನ ಹತ್ತಿರ ಹಿಡಿಯಲೇಬೇಡಿ, ಒಳಗೆ ಬರುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ. ತುದಿಯನ್ನು ಮುಟ್ಟಲೂಬೇಡಿ. ಬೆರಳಿನ ಜಿಡ್ಡು ಹತ್ತಿದರೂ ಸಿಗ್ನಲ್ ಕೆಡುತ್ತದೆ.

ಒಂದು ದೀಪವೂ ಇಲ್ಲವೇ? ಅಡಾಪ್ಟರ್ ಸುಟ್ಟಿರಬಹುದು. ಹೊಸದು ತರುವಾಗ ಹಳೆಯದರ ಮೇಲೆ ಬರೆದಿರುವಷ್ಟೇ ವೋಲ್ಟ್ ಇರಬೇಕು. ಆಂಪಿಯರ್ ಅಷ್ಟೇ ಇರಲಿ, ಅಥವಾ ಸ್ವಲ್ಪ ಜಾಸ್ತಿ ಇರಲಿ. ಪಿನ್ನಿನ ಗಾತ್ರ ನೋಡಲು ಹಳೆಯದನ್ನೇ ಅಂಗಡಿಗೆ ಒಯ್ಯಿರಿ.

ದೀಪಗಳೆಲ್ಲ ಸರಿಯಿದ್ದೂ ನೆಟ್ ಇಲ್ಲದಿದ್ದರೆ ಸ್ವಿಚ್ ಆಫ್ ಮಾಡಿ ಅರ್ಧ ನಿಮಿಷ ಬಿಡಿ. ಫೈಬರ್ ಪೆಟ್ಟಿಗೆ, ರೂಟರ್ ಎರಡೂ ಬೇರೆ ಬೇರೆ ಇದ್ದರೆ ಮೊದಲು ಪೆಟ್ಟಿಗೆ ಆನ್ ಮಾಡಿ, ಪಿಒಎನ್ ಮಿಣುಕುವುದು ನಿಂತು ಒಂದೇ ಸಮ ಉರಿದ ಮೇಲೆ ರೂಟರ್. ಎರಡು ಮೂರು ನಿಮಿಷ ಕಾಯಿರಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಒಂದೇ ಫೋನಿಗೆ ಬರುತ್ತಿಲ್ಲ ಎಂದರೆ ಸಾಮಾನ್ಯವಾಗಿ ತಪ್ಪು ರೂಟರಿನದಲ್ಲ. ಆ ಫೋನಿನಲ್ಲಿ ವೈಫೈ ಹೆಸರನ್ನು ಅಳಿಸಿ ಮತ್ತೆ ಪಾಸ್‌ವರ್ಡ್ ಹಾಕಿ. ಒಂದೇ ಕೋಣೆಗೆ ಬರುತ್ತಿಲ್ಲ ಎಂದರೆ ಗೋಡೆ ನೋಡಿ. ಅಗ್ರಹಾರ, ಲಕ್ಷ್ಮೀಪುರಂ ಕಡೆಯ ಹಳೇ ಮನೆಗಳ ದಪ್ಪ ಗೋಡೆ ದಾಟಲು ವೈಫೈನ 5 ಗಿಗಾಹರ್ಟ್ಸ್ ಅಲೆ ಒದ್ದಾಡುತ್ತದೆ. ಅಲ್ಲಿ 2.4 ಗಿಗಾಹರ್ಟ್ಸ್ ಅಲೆ ವಾಸಿ, ವೇಗ ಕಡಿಮೆಯಾದರೂ ದೂರ ಹೋಗುತ್ತದೆ. ರೂಟರನ್ನು ಟಿವಿ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ ಅಡಗಿಸಿಟ್ಟು ಸಿಗ್ನಲ್ ಇಲ್ಲ ಎಂದರೆ ಹೇಗೆ, ಅಲ್ವಾ?

ರೂಟರ್ ಸೆಟ್ಟಿಂಗ್ ತೆರೆಯುವ ಅಡ್ಮಿನ್ ಪಾಸ್‌ವರ್ಡ್ ಮರೆತಿದ್ದರೆ, ಸೆಟ್ಟಿಂಗ್ ಗೊಂದಲವಾಗಿದ್ದರೆ ಮಾತ್ರ ರೀಸೆಟ್. ಅದಕ್ಕೂ ಮೊದಲು ರೂಟರ್ ಮಗುಚಿ ಕೆಳಗಿನ ಸ್ಟಿಕ್ಕರಿನ ಫೋಟೊ ತೆಗೆದುಕೊಳ್ಳಿ. ಕಂಪನಿಗೆ ಫೋನ್ ಮಾಡಿ, ಪಿಪಿಪಿಒಇ (ರೂಟರ್ ಕಂಪನಿಯ ನೆಟ್‌ಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿ ಬರೆದಿಡಿ. ಇದಿಲ್ಲದೆ ಒತ್ತಿದರೆ ವೈಫೈ ಕಾಣಿಸುತ್ತದೆ, ನೆಟ್ ಮಾತ್ರ ಇರುವುದಿಲ್ಲ. ಭಾನುವಾರ ಸಂಜೆಯಾಗಿದ್ದರೆ ಯಾರೂ ಬರುವುದೂ ಇಲ್ಲ. ಪೆಟ್ಟಿಗೆ ಕಂಪನಿಯದ್ದೇ ಆಗಿದ್ದರೆ ಅವರನ್ನು ಕೇಳದೆ ಒತ್ತಬೇಡಿ.

ರೂಟರ್ ಆನ್ ಇರುವಾಗಲೇ ಸಿಮ್ ತೆಗೆಯುವ ಪಿನ್ನಿನಿಂದ ರೀಸೆಟ್ ತೂತನ್ನು ಸುಮಾರು 10 ಸೆಕೆಂಡ್ ಒತ್ತಿ ಹಿಡಿಯಿರಿ. ದೀಪಗಳು ಆರಿ ಮತ್ತೆ ಹತ್ತುತ್ತವೆ. ಸ್ಟಿಕ್ಕರಿನ ಮೇಲಿರುವ ಹೆಸರಿನ ವೈಫೈಗೆ ಸೇರಿ, ಮೊಬೈಲ್ ಡೇಟಾ ಆಫ್ ಮಾಡಿ, ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಹಾಕಿ. ಯಾವುದೆಂದು ಸ್ಟಿಕ್ಕರಿನಲ್ಲೇ ಇರುತ್ತದೆ. ಪಿಪಿಪಿಒಇ ವಿವರ ತುಂಬಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಭದ್ರತೆಗೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಆರಿಸಿ. ವೈಫೈಗೆ ಹಳೇ ಹೆಸರು, ಹಳೇ ಪಾಸ್‌ವರ್ಡನ್ನೇ ಕೊಟ್ಟರೆ ಮನೆಯ ಟಿವಿ, ಫೋನುಗಳು ಸಾಮಾನ್ಯವಾಗಿ ತಾವಾಗಿಯೇ ಸೇರಿಕೊಳ್ಳುತ್ತವೆ.

ಆಗಲೂ ಬರದಿದ್ದರೆ ದೂರು ಕೊಡಿ. "ನೆಟ್ ಬರ್ತಿಲ್ಲ" ಎನ್ನುವ ಬದಲು ಯಾವ ದೀಪ ಯಾವ ಬಣ್ಣದಲ್ಲಿದೆ ಎಂದು ಹೇಳಿ, ದೂರಿನ ನಂಬರ್ ಕೇಳಿ ಪಡೆಯಿರಿ.